ಆಟಕ್ಕುಂಟು, ಲೆಕ್ಕಕ್ಕಿಲ್ಲ: ಚಿಕ್ಕ ಮಕ್ಕಳಿಗೆ ಸಮಾಜ ಪಾಠ ಬೇಕೇ?

ಪ್ರಶ್ನೆ: ನನ್ನ ಮಗಳು ದಾವಣಗೆರೆಯ ಖಾಸಗಿ ಶಾಲೆಯೊಂದರಲ್ಲಿ ಮೂರನೆಯ ತರಗತಿ ಓದುತ್ತಿದ್ದಾಳೆ. ಈ ವರ್ಷದಿಂದ ಶಾಲೆಯವರು ಪರಿಸರ ಅಧ್ಯಯನದ ಅವಧಿಗಳನ್ನು ಅರ್ಧಕ್ಕೆ ಇಳಿಸಿ, ಉಳಿದ ಸಮಯವನ್ನು ಗಣಿತಕ್ಕೂ ಇಂಗ್ಲಿಷ್ ಓದಿಗೂ ಕೊಟ್ಟಿದ್ದಾರೆ. ಇರುವ ಅವಧಿಗಳಲ್ಲಿ ಗಿಡ, ಪ್ರಾಣಿ, ಗಾಳಿ, ನೀರಿನ ಪಾಠಗಳಷ್ಟೇ ನಡೆಯುತ್ತವೆ. ಕುಟುಂಬ, ಊರು, ಕಸುಬು, ನಕ್ಷೆ ಇಂಥವನ್ನು ‘ಮನೆಯಲ್ಲೇ ಓದಿಸಿಕೊಳ್ಳಿ’ ಎನ್ನುತ್ತಾರೆ. ನನಗಂತೂ ಸಮಾಜ ಎಂದರೆ ಇಸವಿಗಳನ್ನು ಉರುಹೊಡೆದದ್ದಷ್ಟೇ ನೆನಪು. ಎಂಟು ವರ್ಷದ ಮಗುವಿಗೆ ಇದು ನಿಜವಾಗಿ ಬೇಕೇ? ಆರನೆಯ ತರಗತಿಯಲ್ಲಿ ಸಮಾಜ ವಿಜ್ಞಾನ ಹೇಗೂ ಬರುತ್ತದಲ್ಲವೇ? ಮನೆಯಲ್ಲಿ ಕಲಿಸುವುದಾದರೆ ಒಂದು ಸಾಮಾನ್ಯ ಜ್ಞಾನದ ಪುಸ್ತಕ ಕೊಂಡರೆ ಸಾಕೇ? (ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಮಗಳ ಜೊತೆ ಹೆಚ್ಚು ಹೊತ್ತು ಇರುವವರು ನಮ್ಮ ಅತ್ತೆಯವರು. 72 ವರ್ಷ, ರಾಣೆಬೆನ್ನೂರು ಹತ್ತಿರದ ಹಳ್ಳಿಯವರು.)

ಉತ್ತರ: ತಾವು ಆವರಣದೊಳಗೆ ಹಾಕಿ ಮುಗಿಸಿದ ಮಾತೇ ಈ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು. ಆದರೆ ಅತ್ತೆಯವರ ವಿಷಯಕ್ಕೆ ಬರುವ ಮೊದಲು ಶಾಲೆಯವರ ಲೆಕ್ಕಾಚಾರವನ್ನು ಸ್ವಲ್ಪ ನೋಡೋಣ, ಏಕೆಂದರೆ ಅದು ತಮ್ಮ ಮಗಳ ಶಾಲೆಯೊಂದರದೇ ಲೆಕ್ಕಾಚಾರವಲ್ಲ.

ಮಕ್ಕಳು ಲಗೋರಿಯನ್ನೋ ಕಣ್ಣಾಮುಚ್ಚಾಲೆಯನ್ನೋ ಆಡುವಾಗ ತೀರ ಚಿಕ್ಕದೊಂದು ಮಗು ಬಂದು ಹಟ ಹಿಡಿದರೆ, ಅದನ್ನು ಸೇರಿಸಿಕೊಂಡು ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎನ್ನುತ್ತಾರಲ್ಲ, ನಮ್ಮ ಪ್ರಾಥಮಿಕ ಶಾಲೆಗಳ ವೇಳಾಪಟ್ಟಿಯಲ್ಲಿ ಸಮಾಜದ ಪಾಠಗಳಿಗೆ ಇರುವ ಸ್ಥಾನ ಅದೇ. ಪುಸ್ತಕದಲ್ಲಿ ಇವೆ, ಅವಧಿ ಕಡಿಮೆ ಬಿದ್ದ ದಿನ ಮೊದಲು ಹೋಗುವುದು ಅವೇ. ಇದಕ್ಕೆ ಕಾರಣವೂ ಇದೆ. 2021ರಲ್ಲಿ ಆರಂಭವಾದ ನಿಪುಣ್ ಭಾರತ್ ಕಾರ್ಯಕ್ರಮವು ಮೂರನೆಯ ತರಗತಿ ಮುಗಿಯುವ ಹೊತ್ತಿಗೆ ಪ್ರತಿ ಮಗುವೂ ಅರ್ಥವಾಗುವಂತೆ ಓದಬೇಕು, ಸರಳ ಲೆಕ್ಕ ಮಾಡಬೇಕು ಎಂಬ ಗುರಿಯನ್ನಿಟ್ಟುಕೊಂಡಿದೆ. ಓದಲು ಬಾರದ ಮಗು ಮುಂದೆ ಯಾವ ವಿಷಯದಲ್ಲೂ ಮೇಲೇಳುವುದಿಲ್ಲ ಎಂಬುದು ಸುಳ್ಳೂ ಅಲ್ಲ. ಆದ್ದರಿಂದ ಓದಿಗೂ ಲೆಕ್ಕಕ್ಕೂ ಹೆಚ್ಚು ಸಮಯ ಕೊಡಬೇಕೆನ್ನುವ ಶಾಲೆಯವರ ಕಾಳಜಿಯನ್ನು ನಾನು ತಪ್ಪೆನ್ನಲಾರೆ. ಆ ಸಮಯವನ್ನು ಎಲ್ಲಿಂದ ಕಿತ್ತುಕೊಂಡರು ಎಂಬುದರಲ್ಲಿ ಮಾತ್ರ ಅವರು ಎಡವಿದ್ದಾರೆ. ಅದರಲ್ಲೂ ಪರಿಸರ ಅಧ್ಯಯನದೊಳಗಿನ ವಿಜ್ಞಾನವನ್ನು ಉಳಿಸಿಕೊಂಡು ಸಮಾಜವನ್ನು ಕತ್ತರಿಸಿದ್ದು, ರೊಟ್ಟಿ ಕೊಟ್ಟು ಪಲ್ಯವನ್ನು ಮನೆಯಲ್ಲಿ ಮಾಡಿಕೊಳ್ಳಿ ಎಂದಂತೆ.

ಈ ಎರಡನ್ನೂ ಒಂದೇ ವಿಷಯದೊಳಗೆ ಇಟ್ಟವರು ಯೋಚಿಸಿಯೇ ಇಟ್ಟಿದ್ದರು. ಪ್ರಾಥಮಿಕ ಹಂತದಲ್ಲಿ ವಿಜ್ಞಾನವನ್ನೂ ಸಮಾಜವನ್ನೂ ಬೆರೆಸಿ ಪರಿಸರ ಅಧ್ಯಯನ ಎಂದು ಕಲಿಸಬೇಕೆಂಬ ಸಲಹೆ 1975ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನಲ್ಲೇ ಇತ್ತು. 2005ರ ಚೌಕಟ್ಟಿನ ಅನುಸಾರ ರೂಪುಗೊಂಡ ಪಠ್ಯವಸ್ತುವಿನಲ್ಲಿ ಕುಟುಂಬ ಮತ್ತು ಸ್ನೇಹಿತರು, ಆಹಾರ, ನೀರು, ವಸತಿ, ಪ್ರಯಾಣ, ನಾವು ಮಾಡುವ ವಸ್ತುಗಳು ಎಂಬ ಆರು ಎಳೆಗಳಿದ್ದವು. ಇವುಗಳಲ್ಲಿ ಯಾವುದನ್ನು ಹಿಡಿದೆಳೆದರೂ ಅರ್ಧ ವಿಜ್ಞಾನ, ಅರ್ಧ ಸಮಾಜ ಬರುತ್ತದೆ. 2023ರ ಚೌಕಟ್ಟು ಇದೇ ವಿಷಯವನ್ನು ಮೂರರಿಂದ ಐದನೆಯ ತರಗತಿಯವರೆಗೆ ‘ನಮ್ಮ ಸುತ್ತಲಿನ ಜಗತ್ತು’ ಎಂಬ ಹೆಸರಿನಲ್ಲಿ ಮುಂದುವರಿಸಿದೆ. ನೀರಿನ ಪಾಠವನ್ನೇ ನೋಡಿ: ಆವಿ, ಮೋಡ, ಮಳೆ ಎಂದು ಚಕ್ರ ಬಿಡಿಸಿ ಮುಗಿಸಿದರೆ ಅದು ವಿಜ್ಞಾನ. ನಮ್ಮ ಬೀದಿಗೆ ವಾರಕ್ಕೆ ಎಷ್ಟು ಸಲ ನೀರು ಬಿಡುತ್ತಾರೆ, ಬಿಡುವವರು ಯಾರು, ಬಾರದ ದಿನ ಕೊಡ ಹೊರುವವರು ಮನೆಯಲ್ಲಿ ಯಾರು, ಅದು ಯಾವಾಗಲೂ ಅಮ್ಮನೋ ಅಕ್ಕನೋ ಆಗಿರುವುದು ಏಕೆ ಎಂದು ಕೇಳಿದ ಕೂಡಲೇ ಪಾಠ ಪೂರ್ತಿಯಾಗುತ್ತದೆ.

ಈಗ ತಮ್ಮ ಮೂಲ ಪ್ರಶ್ನೆಗೆ ಬರುತ್ತೇನೆ. ಮಗುವಿನ ಸುತ್ತ ಇರುವ ಸಂಗತಿಗಳಲ್ಲಿ ಎರಡು ಬಗೆಯಿವೆ. ಮಳೆ, ಬೆಟ್ಟ, ಹಗಲು, ರಾತ್ರಿ ಇವು ತಾವಾಗಿ ಇರುವಂಥವು. ಜಿಲ್ಲೆ, ಬೆಲೆ, ಭಾನುವಾರದ ರಜೆ, ಶಾಲೆಯ ಗಂಟೆ, ಯಾವ ಕೆಲಸ ಯಾರು ಮಾಡಬೇಕೆಂಬ ರೂಢಿ ಇವು ಮನುಷ್ಯರು ಕೂಡಿ ಮಾಡಿಕೊಂಡಂಥವು. ದೊಡ್ಡವರಾದ ನಮಗೆ ಈ ವ್ಯತ್ಯಾಸ ಸ್ಪಷ್ಟ. ಎಂಟು ವರ್ಷದ ಮಗುವಿಗೆ ಅಲ್ಲ. ಅದರ ಪಾಲಿಗೆ ಸೂರ್ಯ ಮೂಡುವುದು ಹೇಗೆ ಇದ್ದದ್ದೋ, ಕಸ ಗುಡಿಸಲು ಬೆಳಿಗ್ಗೆ ಒಬ್ಬರು ಬರುವುದೂ ಹಾಗೆಯೇ ಇದ್ದದ್ದು. ಚಿಕ್ಕ ಮಕ್ಕಳ ಸಮಾಜ ಪಾಠಕ್ಕೆ ಇರುವ ಕೆಲಸ ನನ್ನ ತಿಳಿವಳಿಕೆಯಲ್ಲಿ ಒಂದೇ: ಈ ಎರಡನ್ನು ಬೇರೆ ಮಾಡಿ ತೋರಿಸುವುದು, ಮನುಷ್ಯರು ಮಾಡಿಕೊಂಡದ್ದಕ್ಕೆ ಕಾರಣವಿರುತ್ತದೆ, ಅದನ್ನು ಕೇಳಬಹುದು ಎಂಬ ಅಭ್ಯಾಸವನ್ನು ಹಾಕಿಕೊಡುವುದು. ರಾಜಧಾನಿಗಳ ಹೆಸರು, ರಾಜರ ಇಸವಿ ಇವೆಲ್ಲ ಆಮೇಲಿನ ಮಾತು.

ಮನುಷ್ಯರು ಮಾಡಿಕೊಂಡ ಇಂಥ ಸಂಗತಿಗಳು ಮಗುವಿಗೆ ಎಷ್ಟು ಕಷ್ಟ ಎಂಬುದನ್ನು ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ತಾವು ನೆಲೆಸಿದ್ದ ಜಿನೀವಾದ ಮಕ್ಕಳನ್ನು ಮಾತಾಡಿಸಿ 1951ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ತೋರಿಸಿದ್ದರು. ಜಿನೀವಾ ಸ್ವಿಟ್ಜರ್ಲೆಂಡಿನಲ್ಲಿದೆ ಎಂದು ಬಾಯಿಪಾಠ ಒಪ್ಪಿಸುವ ಮಕ್ಕಳೇ, ‘ಹಾಗಾದರೆ ನೀನು ಸ್ವಿಸ್ಸನೋ?’ ಎಂದರೆ, ‘ಇಲ್ಲ, ನಾನು ಜಿನೀವಾದವನು, ಎರಡೂ ಆಗುವುದು ಹೇಗೆ?’ ಎನ್ನುವ ಧಾಟಿಯಲ್ಲಿ ಉತ್ತರಿಸಿದ್ದರು. ಕಾಗದದ ಮೇಲೆ ಜಿನೀವಾಕ್ಕೊಂದು, ಸ್ವಿಟ್ಜರ್ಲೆಂಡಿಗೊಂದು ಎಂದು ಎರಡು ವೃತ್ತ ಬರೆಯಲು ಹೇಳಿದಾಗ ಒಂದರೊಳಗೆ ಒಂದನ್ನು ಬರೆಯದೆ ಅಕ್ಕಪಕ್ಕದಲ್ಲಿ ಬರೆದಿದ್ದರು. ನಮ್ಮ ಮಕ್ಕಳು ಬೇರೆಯಲ್ಲ. ಶಿಕ್ಷಕರ ತರಬೇತಿಯಲ್ಲಿ ಕಳೆದ ನನ್ನ ಮೂವತ್ತು ವರ್ಷಗಳಲ್ಲಿ, ರಾಜ್ಯದ 31 ಜಿಲ್ಲೆಗಳ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿ, ‘ನಾವು ದಾವಣಗೆರೆಯಲ್ಲಿದ್ದೇವೋ ಕರ್ನಾಟಕದಲ್ಲಿದ್ದೇವೋ?’ ಎಂದರೆ ತಬ್ಬಿಬ್ಬಾಗುವ ಮಕ್ಕಳನ್ನು ಎಷ್ಟೋ ಸಲ ಕಂಡಿದ್ದೇನೆ. ಆ ಮಗುವಿಗೆ ಜಿಲ್ಲೆಗಳ ಪಟ್ಟಿ ಒಂದು ಪದ್ಯವಿದ್ದಂತೆ. ನಾಲಿಗೆಗೆ ಬಂದಿರುತ್ತದೆ, ನೆಲಕ್ಕೆ ಇಳಿದಿರುವುದಿಲ್ಲ.

ಇಲ್ಲಿಗೆ ತಮ್ಮ ಅತ್ತೆಯವರು ಬೇಕಾಗುತ್ತಾರೆ. ರಾಣೆಬೆನ್ನೂರಿನ ಸೀಮೆಯಲ್ಲಿ ಅವರು ಹುಟ್ಟಿದಾಗ ಆ ಹಳ್ಳಿ ಧಾರವಾಡ ಜಿಲ್ಲೆಗೆ, ಮುಂಬಯಿ ರಾಜ್ಯಕ್ಕೆ ಸೇರಿತ್ತು. 1956ರ ನವೆಂಬರ್ 1ರಂದು, ಅವರು ಇನ್ನೂ ಎಳೆಯ ಮಗುವಾಗಿದ್ದಾಗ, ಅದು ಮೈಸೂರು ರಾಜ್ಯದ್ದಾಯಿತು. 1973ರಲ್ಲಿ ಆ ರಾಜ್ಯದ ಹೆಸರು ಕರ್ನಾಟಕವಾಯಿತು. 1997ರಲ್ಲಿ ಧಾರವಾಡ ಜಿಲ್ಲೆಯನ್ನು ಒಡೆದು ಹಾವೇರಿ ಜಿಲ್ಲೆಯನ್ನು ಮಾಡಿದಾಗ ತವರಿನ ವಿಳಾಸ ಮತ್ತೆ ಬದಲಾಯಿತು. ಗಂಡನ ಮನೆಯೂ ಸುಮ್ಮನಿರಲಿಲ್ಲ. ಅದೇ ವರ್ಷದವರೆಗೆ ಚಿತ್ರದುರ್ಗ ಜಿಲ್ಲೆಯ ಊರಾಗಿದ್ದ ದಾವಣಗೆರೆ ತಾನೇ ಒಂದು ಜಿಲ್ಲೆಯಾಯಿತು. ತವರು ಮನೆಯ ಒಂದು ಕಲ್ಲೂ ಕದಲಿಲ್ಲ, ಆದರೆ ಅಜ್ಜಿಗೆ ಬರುವ ಕಾಗದದ ಮೇಲಿನ ವಿಳಾಸ ಮೂರು ನಾಲ್ಕು ಸಲ ಬದಲಾಯಿತು. ಈ ಕಥೆಯನ್ನು ಎಂಟು ವರ್ಷದ ಮೊಮ್ಮಗಳು ಕೇಳಿದರೆ ಮುಂದಿನ ಪ್ರಶ್ನೆ ಅವಳದೇ ಆಗಿರುತ್ತದೆ: ‘ಬದಲಾಯಿಸಿದವರು ಯಾರು? ಏಕೆ?’ ಆಡುವ ಭಾಷೆ ಒಂದೇ ಆಗಿರುವ ಜನ ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹಂಚಿಹೋಗಿದ್ದರು, ಒಂದೇ ಕಡೆ ಇರಬೇಕೆಂದು ಬಹಳ ಜನ ಬಹಳ ವರ್ಷ ಕೇಳಿದರು ಎಂದರೆ ಅವಳಿಗೆ ಅರ್ಥವಾಗುತ್ತದೆ. ಏಕೀಕರಣದ ಚರಿತ್ರೆಯನ್ನು ಹೈಸ್ಕೂಲಿನಲ್ಲಿ ಅವಳು ಹೇಗೂ ಓದುತ್ತಾಳೆ. ಅಂದು ಆ ಪಾಠ ಅಜ್ಜಿಯ ವಿಳಾಸದ ಮೇಲೆ ಬಂದು ಕೂರುತ್ತದೆಯೋ ಅಥವಾ ಗಾಳಿಯಲ್ಲಿ ತೂಗಾಡುತ್ತದೆಯೋ ಎಂಬುದು ಈಗಿನ ಮಾತುಕತೆಯ ಮೇಲೆ ನಿಂತಿದೆ.

‘ಆರನೆಯ ತರಗತಿಯಲ್ಲಿ ಹೇಗೂ ಬರುತ್ತದಲ್ಲವೇ’ ಎಂಬ ಪ್ರಶ್ನೆಗೆ ನನ್ನ ಉತ್ತರದ ಒಂದು ಭಾಗ ಇದೇ. ಇನ್ನೊಂದು ಭಾಗ ಓದಿಗೆ ಸಂಬಂಧಿಸಿದ್ದು, ಮತ್ತು ಅದನ್ನು ತಾವು ಶಾಲೆಯವರ ಮುಂದೆ ಇಡಬಹುದು. ಅಕ್ಷರ ಕೂಡಿಸಿ ಓದುವುದು ಒಂದು ಕೌಶಲ. ಓದಿದ್ದು ಅರ್ಥವಾಗುವುದು ಬಹುಮಟ್ಟಿಗೆ ಆ ವಿಷಯ ಮೊದಲೇ ಎಷ್ಟು ಗೊತ್ತಿದೆ ಎಂಬುದನ್ನು ಅವಲಂಬಿಸಿದೆ. 1988ರಲ್ಲಿ ಅಮೆರಿಕದ ಡೋನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ ಎಂಬ ಇಬ್ಬರು ಸಂಶೋಧಕರು ಏಳು ಎಂಟನೆಯ ತರಗತಿಯ 64 ಮಕ್ಕಳಿಗೆ ಬೇಸ್‌ಬಾಲ್ ಆಟದ ವರ್ಣನೆಯೊಂದನ್ನು ಓದಲು ಕೊಟ್ಟು, ಓದಿದ್ದನ್ನು ಮರದ ಗೊಂಬೆಗಳನ್ನಿಟ್ಟು ಆಡಿ ತೋರಿಸಲು ಹೇಳಿದರು. ಓದಿನ ಪರೀಕ್ಷೆಯಲ್ಲಿ ಹಿಂದುಳಿದವರೆನಿಸಿಕೊಂಡಿದ್ದರೂ ಬೇಸ್‌ಬಾಲ್ ಚೆನ್ನಾಗಿ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದೂ ಆಟ ಗೊತ್ತಿಲ್ಲದ ಮಕ್ಕಳಿಗಿಂತ ಚೆನ್ನಾಗಿ ಅರ್ಥಮಾಡಿಕೊಂಡಿದ್ದರು. ನಮ್ಮಲ್ಲಿ ಇದನ್ನು ಪರೀಕ್ಷಿಸಲು ಸಂಶೋಧನೆಯೇನೂ ಬೇಡ. ಪತ್ರಿಕೆಯ ಮೊದಲ ಪುಟದಲ್ಲಿ ತಡವರಿಸುವ ಹುಡುಗ ಕ್ರಿಕೆಟ್ಟಿನ ಪುಟವನ್ನು ಸರಾಗವಾಗಿ ಓದುವುದನ್ನು ಎಲ್ಲರೂ ನೋಡಿದ್ದೇವೆ.

ಇದಕ್ಕೆ ಹತ್ತಿರದ ಇನ್ನೊಂದು ಅಧ್ಯಯನ 2020ರಲ್ಲಿ ಅಮೆರಿಕದ ಫೋರ್ಡಮ್ ಸಂಸ್ಥೆಯಿಂದ ಹೊರಬಂತು. ಅಲ್ಲಿ 2002ರ ಆರಂಭದಲ್ಲಿ ಜಾರಿಗೆ ಬಂದ ಕಾನೂನೊಂದು ಓದು ಮತ್ತು ಗಣಿತದ ಪರೀಕ್ಷೆಗಳಿಗೆ ಶಾಲೆಗಳನ್ನು ಹೊಣೆ ಮಾಡಿದ್ದರಿಂದ ಸಮಾಜ ಪಾಠದ ಸಮಯವನ್ನು ಅನೇಕ ಶಾಲೆಗಳು ತಮ್ಮ ಮಗಳ ಶಾಲೆಯಂತೆಯೇ ಕಡಿತ ಮಾಡಿದ್ದವು. ಶಿಶುವಿಹಾರದಿಂದ ಐದನೆಯ ತರಗತಿಯವರೆಗೆ ಮಕ್ಕಳನ್ನು ಹಿಂಬಾಲಿಸಿದ ರಾಷ್ಟ್ರಮಟ್ಟದ ದತ್ತಾಂಶವನ್ನು ನೋಡಿದಾಗ, ದಿನಕ್ಕೆ ಸುಮಾರು 30 ನಿಮಿಷ ಹೆಚ್ಚು ಸಮಾಜ ಪಾಠ ಸಿಕ್ಕ ಮಕ್ಕಳು ಐದನೆಯ ತರಗತಿಯ ಓದಿನ ಪರೀಕ್ಷೆಯಲ್ಲಿ ಸ್ವಲ್ಪ ಮುಂದಿದ್ದರು. ಭಾಷಾ ಪಾಠಕ್ಕೆ ಹೆಚ್ಚು ಸಮಯ ಸಿಕ್ಕ ಮಕ್ಕಳಲ್ಲಿ ಅಂಥ ಲಾಭ ಕಾಣಲಿಲ್ಲ. ಹೆಚ್ಚು ಪ್ರಯೋಜನವಾದದ್ದು ಹೆಣ್ಣುಮಕ್ಕಳಿಗೆ, ಬಡ ಮನೆಗಳ ಮಕ್ಕಳಿಗೆ, ಮನೆಯಲ್ಲಿ ಇಂಗ್ಲಿಷ್ ಆಡದ ಮಕ್ಕಳಿಗೆ. ಇದು ಎರಡು ಸಂಗತಿಗಳು ಜೊತೆಯಲ್ಲಿ ಕಂಡದ್ದರ ಲೆಕ್ಕವೇ ಹೊರತು, ಒಂದರಿಂದಲೇ ಇನ್ನೊಂದು ಆಯಿತು ಎಂಬುದಕ್ಕೆ ರುಜುವಾತಲ್ಲ, ಜೊತೆಗೆ ಆ ದೇಶದ ಶಾಲೆಗಳದು. ಅದನ್ನು ನಮ್ಮ ಶಾಲೆಗೆ ನೇರವಾಗಿ ಅಂಟಿಸಲು ನನಗೆ ಇಷ್ಟವಿಲ್ಲ. ಆದರೂ ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಕನ್ನಡದ ಮನೆಯ ಮಗು ‘ನದಿ’, ‘ಸೇತುವೆ’, ‘ತೆರಿಗೆ’, ‘ಪಂಚಾಯಿತಿ’ ಇವುಗಳನ್ನು ಕನ್ನಡದಲ್ಲಿ ಕಂಡು ಮಾತಾಡಿರದಿದ್ದರೆ, ಇಂಗ್ಲಿಷಿನಲ್ಲಿ ಆ ಪದಗಳನ್ನು ಓದಿ ಏನು ಮಾಡೀತು ಎಂಬ ಪ್ರಶ್ನೆ ಉಳಿದೇ ಇರುತ್ತದೆ.

ಹಾಗಾದರೆ ಈ ವಯಸ್ಸಿಗೆ ಪಾಠ ಹೇಗಿರಬೇಕು? ಅಮೆರಿಕದ ಮನೋವಿಜ್ಞಾನಿ ಜೆರೋಮ್ ಬ್ರೂನರ್ 1960ರಲ್ಲಿ ಹೇಳಿದ ಒಂದು ಮಾತಿನ ಸಾರ ಹೀಗಿದೆ: ಯಾವ ವಿಷಯವನ್ನಾದರೂ, ಯಾವ ವಯಸ್ಸಿನ ಮಗುವಿಗಾದರೂ, ಆ ವಿಷಯಕ್ಕೆ ಮೋಸವಾಗದಂಥ ಒಂದು ರೂಪದಲ್ಲಿ ಕಲಿಸಬಹುದು. ಈ ಮಾತನ್ನು ಹಿಡಿದುಕೊಂಡು ಹೈಸ್ಕೂಲಿನ ಅರ್ಥಶಾಸ್ತ್ರವನ್ನು ಚೂರು ಮಾಡಿ ಮೂರನೆಯ ತರಗತಿಗೆ ಬಡಿಸಿದವರೂ ಇದ್ದಾರೆ. ಅದು ಆ ಮಾತಿನ ಅರ್ಥವಲ್ಲ. ದಾವಣಗೆರೆಯ ಮಗುವಿಗೆ ಅರ್ಥಶಾಸ್ತ್ರವೂ ಭೂಗೋಳವೂ ಒಟ್ಟಿಗೆ ಸಿಗುವ ಜಾಗ ಮಂಡಕ್ಕಿ ಭಟ್ಟಿ. ಸಂಜೆ ಖಾರ ಮಂಡಕ್ಕಿ ತಿನ್ನುತ್ತ ‘ಇದು ಎಲ್ಲಿಂದ ಬಂತು?’ ಎಂದು ಶುರು ಮಾಡಿದರೆ ಸಾಕು. ಅಂಗಡಿಯಿಂದ. ಅಂಗಡಿಗೆ? ಭಟ್ಟಿಯಿಂದ. ಅಲ್ಲಿ ಉಪ್ಪು ನೀರು ಹಿಡಿಸಿದ ಅಕ್ಕಿಯನ್ನು ಕಾದ ಮರಳಿನಲ್ಲಿ ಹುರಿದಾಗ ಅದು ಅರಳುತ್ತದೆ. ಅಕ್ಕಿಗೆ ಮೊದಲು ಭತ್ತ; ಭತ್ತಕ್ಕೆ ನೀರು; ನೀರು ಭದ್ರಾ ನಾಲೆಯಿಂದ; ನಾಲೆಯ ನೀರು ಚಿಕ್ಕಮಗಳೂರು ಜಿಲ್ಲೆಯ ಲಕ್ಕವಳ್ಳಿಯ ಅಣೆಕಟ್ಟಿನಿಂದ; ಅಲ್ಲಿಗೆ ಮಲೆನಾಡಿನ ಮಳೆಯಿಂದ. ಬೆಟ್ಟದಲ್ಲಿ ಮಳೆ ಕೈಕೊಟ್ಟರೆ ನಾಲೆಗೆ ನೀರು ಬಿಡುವುದು ತಡವಾಗುತ್ತದೆ, ಕೊನೆಯ ಹೊಲಗಳಿಗೆ ತಲುಪುವುದೇ ಇಲ್ಲ. ನಾಲೆಯ ಬಾಯಿಯ ಹತ್ತಿರದ ರೈತನಿಗೂ ತುದಿಯ ರೈತನಿಗೂ ಜಗಳವಾಗುವುದು ಏಕೆಂದು ಎಂಟು ವರ್ಷದ ಮಗು ತಕ್ಷಣ ಹೇಳಬಲ್ಲದು, ಏಕೆಂದರೆ ಬೀದಿ ನಲ್ಲಿಯ ಮುಂದಿನ ಸಾಲನ್ನು ಅದು ನೋಡಿದೆ.

ಆಮೇಲೆ ಇದೇ ಸರಪಣಿಯನ್ನು ಇನ್ನೊಂದು ಕಡೆಯಿಂದ ಹಿಡಿಯಬಹುದು. ಒಂದು ಪೊಟ್ಟಣಕ್ಕೆ ನಾವು ಕೊಟ್ಟ ಹಣದಲ್ಲಿ ಅಂಗಡಿಯವರಿಗೆ ಸ್ವಲ್ಪ, ಭಟ್ಟಿಯ ಮಾಲೀಕರಿಗೆ ಸ್ವಲ್ಪ, ಲಾರಿಯವರಿಗೆ, ರೈತರಿಗೆ ಸ್ವಲ್ಪ ಹೋಗಬೇಕು. ಕಾದ ಮರಳಿನ ಮುಂದೆ, ಹೊಗೆಯಲ್ಲಿ ದಿನವಿಡೀ ನಿಲ್ಲುವವರಿಗೆ ಎಷ್ಟು? ಇದಕ್ಕೆ ತಾಯಿಯಾದ ತಮಗೂ ಉತ್ತರ ಗೊತ್ತಿರಬೇಕಾಗಿಲ್ಲ. ‘ನನಗೆ ತಿಳಿಯದು, ಕೇಳೋಣ’ ಎನ್ನುವ ಅಮ್ಮ ಆ ಮಗುವಿಗೆ ಅಂದು ಕಲಿಸಿದ್ದು ದೊಡ್ಡದೇ. ಮಗು ಹತ್ತು ಚೌಕ ಬರೆದು ಮಳೆಯಿಂದ ಮಂಡಕ್ಕಿಯವರೆಗೆ ಚಿತ್ರ ಹಾಕಲಿ, ಪ್ರತಿ ಚೌಕದಲ್ಲೂ ಒಬ್ಬ ಮನುಷ್ಯ ಇರಲೇಬೇಕು ಎಂಬ ಒಂದೇ ನಿಯಮ ಇರಲಿ. ಅರ್ಧ ಚೌಕಗಳಲ್ಲಿ ಹೆಂಗಸರು ಇರುತ್ತಾರೆಯೇ ಎಂದು ಗಮನಿಸಿ. ಇರದಿದ್ದರೆ, ನಾಟಿ ಮಾಡಿದವರು ಯಾರು ಎಂದು ಮೆಲ್ಲಗೆ ಕೇಳಿ.

ನಕ್ಷೆಯ ಬಗ್ಗೆ ಎರಡೇ ಮಾತು. ಕರ್ನಾಟಕದ ನಕ್ಷೆಯನ್ನು ಗೋಡೆಗೆ ಅಂಟಿಸುವ ಮೊದಲು, ಊಟದ ಮೇಜನ್ನು ಮೇಲಿನಿಂದ ನೋಡಿದರೆ ಹೇಗೆ ಕಾಣುತ್ತದೆ ಎಂದು ಮಗಳು ಬಿಡಿಸಲಿ. ಮೇಲಿನಿಂದ ನೋಡುವುದೇ ನಕ್ಷೆಯ ಗುಟ್ಟು, ಮಕ್ಕಳಿಗೆ ಕಷ್ಟವಾಗುವುದೂ ಅದೇ. ಮುಂದೆ ಮನೆಯಿಂದ ಶಾಲೆಗೆ ಹೋಗುವ ದಾರಿಯನ್ನು ಹೆಜ್ಜೆ ಎಣಿಸಿ ಬರೆಯಲಿ.

ಕಾಲದ ವಿಷಯ ಇಷ್ಟು ಸುಲಭವಲ್ಲ, ಸ್ವಲ್ಪ ನಿಲ್ಲಬೇಕಾಗುತ್ತದೆ. ಒಮ್ಮೆ ಎರಡನೆಯ ತರಗತಿಯ ಹುಡುಗಿಯೊಬ್ಬಳು ನನ್ನ ನರೆತ ಕೂದಲು ನೋಡಿ, ‘ಗಾಂಧಿ ತಾತ ನಿಮಗೆ ಪರಿಚಯವಿದ್ದರಾ?’ ಎಂದು ಕೇಳಿದಳು. ಅವಳ ಲೆಕ್ಕದಲ್ಲಿ ಮುದುಕರೆಲ್ಲ ಒಂದೇ ಕಾಲದವರು. ಇಂಥ ಮಗುವಿಗೆ 1824, 1857, 1947 ಎಂಬವು ಬಸ್ಸಿನ ನಂಬರುಗಳಂತೆ ಕೇಳಿಸುತ್ತವೆ. ತಮಗೆ ಇಸವಿಗಳನ್ನು ಉರುಹೊಡೆದ ನೆನಪು ಮಾತ್ರ ಉಳಿದಿದ್ದರೆ ಅದು ತಮ್ಮ ತಪ್ಪಲ್ಲ, ಸಂಖ್ಯೆಯನ್ನು ಕಾಲಕ್ಕಿಂತ ಮೊದಲು ಕೊಟ್ಟವರ ತಪ್ಪು. ಎಂಟು ವರ್ಷಕ್ಕೆ ‘ಇದಕ್ಕಿಂತ ಹಿಂದೆ’, ‘ಇದಾದ ಮೇಲೆ’, ‘ಆಗಲೂ ಹೀಗೆಯೇ ಇತ್ತೇ?’ ಎಂಬ ಮೂರು ಸಾಕು. ಅಜ್ಜಿಯ ಅಟ್ಟದ ಮೇಲಿನ ಸೇರು, ಪಾವು, ಲಾಟೀನು, ಬೀಸುಕಲ್ಲು ಇವುಗಳನ್ನು ಇಳಿಸಿ, ಹಳೆಯದರಿಂದ ಹೊಸದಕ್ಕೆ ಸಾಲಾಗಿ ಇಡುವುದೇ ಒಂದು ಪಾಠ. ಬೀಸುಕಲ್ಲಿನ ಬದಲು ಗಿರಣಿ ಬಂದಾಗ ಅಜ್ಜಿಗೆ ಉಳಿದ ಬೆಳಗಿನ ಹೊತ್ತು ಎಲ್ಲಿಗೆ ಹೋಯಿತು ಎಂದು ಕೇಳಿದರೆ ಅದು ಸಾಮಾಜಿಕ ಚರಿತ್ರೆ. ಬೀಸುವ ಪದ ಹಾಡಿಸಿದರೆ ಇನ್ನೂ ಒಳ್ಳೆಯದು.

ವೀರರ ಕಥೆಗಳು ಬೇಡವೇ ಎಂದು ತಾವು ಕೇಳಬಹುದು. ಬೇಕು, ಮಕ್ಕಳಿಗೆ ಅವು ಇಷ್ಟ. ಆದರೆ ಈ ವಯಸ್ಸಿನಲ್ಲಿ ಕಿತ್ತೂರು ಚೆನ್ನಮ್ಮನೂ ಪುರಾಣದ ಭೀಮನೂ ಒಂದೇ ಸಾಲಿನಲ್ಲಿ ಕುಳಿತಿರುತ್ತಾರೆ. ಇಬ್ಬರನ್ನೂ ಬೇರೆ ಮಾಡುವ ಒಂದೇ ಸಾಧನ ‘ಇದು ನಮಗೆ ಹೇಗೆ ಗೊತ್ತಾಯಿತು?’ ಎಂಬ ಪ್ರಶ್ನೆ. ಇದಕ್ಕೆ ನಮ್ಮ ಸೀಮೆಯ ಎಷ್ಟೋ ಊರುಗಳಲ್ಲಿ ಕಾಣಸಿಗುವ ವೀರಗಲ್ಲಿಗಿಂತ ಉತ್ತಮ ಪಾಠೋಪಕರಣ ನನಗೆ ಕಂಡಿಲ್ಲ. ಸಾಮಾನ್ಯವಾಗಿ ಮೂರು ಅಂಕಣಗಳು: ಕೆಳಗೆ ಕಾಳಗ, ನಡುವೆ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲೆ ಅವನು ಲಿಂಗದ ಮುಂದೆ ಕುಳಿತಿರುವುದು. ಕೆಳಗಿನಿಂದ ಮೇಲಕ್ಕೆ ಓದಬೇಕಾದ ಈ ಚಿತ್ರಕಥೆಯನ್ನು ಅಕ್ಷರ ಬಾರದ ಮಗುವೂ ಓದುತ್ತದೆ. ಕೆಳಗಿನ ಅಂಕಣದಲ್ಲಿ ದನಗಳಿದ್ದರೆ, ಜಗಳ ದನಗಳಿಗಾಗಿ ನಡೆದಿತ್ತು ಎಂದು ಅದೇ ಊಹಿಸುತ್ತದೆ. ಕೆಳಗಿನದು ನಡೆದದ್ದು, ಮೇಲಿನದು ಊರಿನವರು ನಂಬಿದ್ದು ಎಂಬ ವ್ಯತ್ಯಾಸವನ್ನು ಹೇಳಿಕೊಟ್ಟರೆ ಇತಿಹಾಸಕಾರರ ಅರ್ಧ ಕೆಲಸವನ್ನು ಮಗುವಿಗೆ ತೋರಿಸಿದಂತಾಯಿತು.

ಈಗ ಬಹಳ ಜನ ದಾಟಿಕೊಂಡು ಹೋಗುವ ಒಂದು ವಿಷಯ. ಜಾತಿ, ಬಣ್ಣ, ಹೆಣ್ಣು, ಗಂಡು, ಹಣ ಇವುಗಳ ಸುದ್ದಿ ಚಿಕ್ಕ ಮಕ್ಕಳಿಗೆ ಏಕೆ ಎಂದು ಪೋಷಕರು ಹೇಳುವುದುಂಟು. ಸುದ್ದಿ ಅವರಿಗೆ ಆಗಲೇ ತಲುಪಿರುತ್ತದೆ ಎಂಬುದೇ ಕಷ್ಟ. 1940ರ ದಶಕದಲ್ಲಿ ಅಮೆರಿಕದ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ದಂಪತಿ ಮೂರರಿಂದ ಏಳು ವರ್ಷದ ಕಪ್ಪು ಮಕ್ಕಳ ಮುಂದೆ ಬಿಳಿಯ ಮತ್ತು ಕಂದು ಗೊಂಬೆಗಳನ್ನಿಟ್ಟು ‘ಒಳ್ಳೆಯ ಗೊಂಬೆ ಯಾವುದು?’ ಎಂದು ಕೇಳಿದಾಗ ಹೆಚ್ಚಿನ ಮಕ್ಕಳು ಬಿಳಿಯದನ್ನು ತೋರಿಸಿದ್ದರು. ಶಾಲೆಗಳಲ್ಲಿನ ವರ್ಣಭೇದವನ್ನು ರದ್ದು ಮಾಡಿದ 1954ರ ತೀರ್ಪಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಈ ಕೆಲಸವನ್ನು ಉಲ್ಲೇಖಿಸಿತು. ನಮ್ಮ ಮಕ್ಕಳೂ ಯಾರ ಮನೆಯ ಲೋಟ ಬೇರೆ ಇದೆ, ಯಾರನ್ನು ಹೆಸರು ಹಿಡಿದು ಏಕವಚನದಲ್ಲಿ ಕರೆಯಬಹುದು, ಯಾರನ್ನು ‘ಅವರು’ ಎನ್ನಬೇಕು ಎಂಬುದನ್ನು ಒಂದನೆಯ ತರಗತಿಗೆ ಬರುವ ಮೊದಲೇ ಕಲಿತಿರುತ್ತಾರೆ. ಕನ್ನಡದ ಬಹುವಚನ ಬಹಳ ಚುರುಕಾದ ಅಳತೆಗೋಲು. ಆದ್ದರಿಂದ ಸಮಾಜ ಪಾಠವನ್ನು ಮುಂದೂಡಿದರೆ ಮಗು ಖಾಲಿ ಕುಳಿತಿರುವುದಿಲ್ಲ. ಬೀದಿಯ ಪಾಠವೊಂದನ್ನೇ ಕಲಿಯುತ್ತಿರುತ್ತದೆ.

ಇಲ್ಲಿ ಪಠ್ಯಪುಸ್ತಕಗಳ ಮೇಲೂ ನನ್ನದೊಂದು ತಕರಾರಿದೆ. ‘ನಮ್ಮ ಸಹಾಯಕರು’ ಎಂಬ ಪಾಠ ಹಿಂದಿನಿಂದಲೂ ಒಂದಲ್ಲ ಒಂದು ರೂಪದಲ್ಲಿ ಬರುತ್ತಲೇ ಇದೆ: ಅಂಚೆಯಣ್ಣ, ವೈದ್ಯರು, ಕ್ಷೌರಿಕ, ಪೌರಕಾರ್ಮಿಕರು ಎಂದು ಚಿತ್ರಗಳು. ‘ನಮ್ಮ’ ಎಂದರೆ ಯಾರ? ಪೌರಕಾರ್ಮಿಕರ ಮಗಳೂ ಅದೇ ತರಗತಿಯಲ್ಲಿ ಕುಳಿತು ಆ ಪಾಠ ಓದುತ್ತಾಳೆ. ಅವರು ಸಹಾಯ ಮಾಡುತ್ತಿಲ್ಲ, ಸಂಬಳಕ್ಕೆ ದುಡಿಯುತ್ತಿದ್ದಾರೆ. ತಮ್ಮ ಮನೆಯಲ್ಲಿ ಈ ಪಾಠ ಬಂದರೆ ತಾವು ಮಾಡಬಹುದಾದದ್ದು ಸಣ್ಣದು: ಬೀದಿಗೆ ಬರುವ ಪೌರಕಾರ್ಮಿಕರ ಹೆಸರನ್ನು ಮಗಳು ಕೇಳಿ ತಿಳಿಯಲಿ, ಅಕ್ಕ ಎಂದೋ ಅಣ್ಣ ಎಂದೋ ಕರೆಯಲಿ, ಅವರ ಕೆಲಸ ಎಷ್ಟು ಗಂಟೆಗೆ ಶುರುವಾಗುತ್ತದೆ ಎಂದು ಕೇಳಲಿ. ಕರ್ನಾಟಕದಲ್ಲಿ ಸೆಪ್ಟೆಂಬರ್ 23ರಂದು ಪೌರಕಾರ್ಮಿಕರ ದಿನ ಆಚರಿಸುತ್ತಾರೆ ಎಂಬ ಮಾಹಿತಿ ಆಮೇಲೆ ಸೇರಿಕೊಂಡರಾಯಿತು.

ನಿಯಮ, ನ್ಯಾಯ, ಸರ್ಕಾರ ಇವುಗಳಿಗೆ ಮಕ್ಕಳ ಆಟಗಳೇ ಪೀಠಿಕೆ. ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂಬುದು ನಾನು ಮೇಲೆ ಬೈಗುಳದಂತೆ ಬಳಸಿದ ಮಾತು. ನಿಜದಲ್ಲಿ ಅದು ಮಕ್ಕಳು ತಾವೇ ಮಾಡಿಕೊಂಡ ಒಂದು ಸುಂದರ ಕಾನೂನು. ದುರ್ಬಲರನ್ನು ಹೊರಗಿಡಬಾರದು, ಆಟವೂ ಕೆಡಬಾರದು ಎಂಬ ಎರಡು ಬೇಡಿಕೆಗಳ ನಡುವಿನ ರಾಜಿ ಅದು. ಆ ನಿಯಮ ಏಕಿದೆ, ಯಾರು ಮಾಡಿದರು, ಎಲ್ಲರೂ ಒಪ್ಪಿದರೆ ಬದಲಿಸಬಹುದೇ ಎಂದು ಕೇಳಿ ನೋಡಿ, ಮಕ್ಕಳು ಅರ್ಧ ಗಂಟೆ ವಾದ ಮಾಡುತ್ತಾರೆ. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಸುವ ಪದ್ಧತಿ ಇದೆ. ಶಾಲೆಗೆ ಶೌಚಾಲಯವಿಲ್ಲ, ಹಳ್ಳ ದಾಟಲು ಕಾಲುಸಂಕವಿಲ್ಲ ಎಂದು ಮಕ್ಕಳು ಎದ್ದು ನಿಂತು ಕೇಳುವ ಸಭೆಗಳವು. ಊರಿನಿಂದ ಊರಿಗೆ ಅವುಗಳ ಗುಣ ಬೇರೆ, ಕೆಲವೆಡೆ ಭಾಷಣ ಮಾಡಿ ಬಿಸ್ಕತ್ತು ಹಂಚಿ ಮುಗಿಸುತ್ತಾರೆ. ಆದರೂ ಪ್ರಶ್ನೆ ಕೇಳಲು ಒಂದು ಜಾಗ ಇದೆ ಎಂದು ತಿಳಿದ ಮಗುವಿಗೂ ತಿಳಿಯದ ಮಗುವಿಗೂ ಅಂತರವಿದೆ. ನಗರದಲ್ಲಿರುವ ತಮಗೆ ಇನ್ನೊಂದು ಸಂದರ್ಭ ಸಿಗುತ್ತದೆ. ಚುನಾವಣೆಯ ದಿನ ತಮ್ಮ ಬೆರಳಿನ ಶಾಯಿಯನ್ನು ಮಗಳು ನೋಡಿಯೇ ನೋಡುತ್ತಾಳೆ. ಒಬ್ಬರಿಗೆ ಒಂದೇ ಮತ, ಅದಕ್ಕೇ ಈ ಗುರುತು. 1962ರ ಚುನಾವಣೆಯಿಂದ ಈ ಶಾಯಿ ತಯಾರಾಗುತ್ತಿರುವುದು ನಮ್ಮದೇ ಮೈಸೂರಿನ ಸರ್ಕಾರಿ ಬಣ್ಣದ ಕಾರ್ಖಾನೆಯಲ್ಲಿ ಎಂದು ಹೇಳಿ. ಅಜ್ಜಿಗೂ ಒಂದೇ, ಅಪ್ಪನಿಗೂ ಒಂದೇ, ಸಿರಿವಂತರಿಗೂ ಒಂದೇ ಎಂಬುದು ಎಂಟು ವರ್ಷದ ಮಗುವಿಗೆ ಮೆಚ್ಚುಗೆಯಾಗುವ ಲೆಕ್ಕ.

ಶಾಲೆಯವರ ಜೊತೆ ಜಗಳಕ್ಕೆ ಹೋಗಬೇಡಿ. ಕಳೆದ ಅವಧಿಗಳನ್ನು ಮರಳಿ ಕೊಡಿ ಎಂದರೆ ವೇಳಾಪಟ್ಟಿ ತೋರಿಸಿ ಕಳುಹಿಸುತ್ತಾರೆ. ಬದಲಿಗೆ, ಓದಿಗೆ ಹೆಚ್ಚಿಸಿದ ಅವಧಿಗಳಲ್ಲಿ ಮಕ್ಕಳು ಓದುವ ಪಾಠಗಳು ಯಾವುವು ಎಂದು ಕೇಳಿ. ಅವು ಬರಿಯ ಮೊಲ, ಆಮೆಯ ಕಥೆಗಳಾಗಿದ್ದರೆ, ವಾರಕ್ಕೆ ಎರಡು ದಿನವಾದರೂ ಊರು, ಕಸುಬು, ಹಬ್ಬ, ಸಂತೆಗಳ ಬಗೆಗಿನ ಬರಹಗಳನ್ನು ಓದಿಸಲಾದೀತೇ ಎಂದು ವಿನಂತಿಸಿ. ಗಣಿತದ ಮೇಡಂ ಅವರೂ ಸಂತೆಯ ಬೆಲೆಗಳನ್ನು ಲೆಕ್ಕಕ್ಕೆ ತರಬಹುದು. ಇದರಿಂದ ಅವರ ಗುರಿಗೂ ತೊಂದರೆಯಿಲ್ಲ. ಇನ್ನಿಬ್ಬರು ಪೋಷಕರು ಜೊತೆಗೆ ಬಂದರೆ ಮಾತಿಗೆ ತೂಕ ಬರುತ್ತದೆ.

ಉಳಿದದ್ದು ಸಾಮಾನ್ಯ ಜ್ಞಾನದ ಪುಸ್ತಕ. ಕೊಳ್ಳಬೇಡಿ ಎನ್ನುವುದು ನನ್ನ ಅಭಿಪ್ರಾಯ. ಈ ವಯಸ್ಸಿನಲ್ಲಿ ಅದು ಪ್ರಶ್ನೆ ಕೇಳುವ ಮಗುವನ್ನು ಉತ್ತರ ಒಪ್ಪಿಸುವ ಮಗುವಾಗಿ ಮಾಡುತ್ತದೆ. ಆ ಹಣಕ್ಕೆ ಒಂದು ಭಾನುವಾರ ಅಜ್ಜಿ ಮತ್ತು ಮೊಮ್ಮಗಳನ್ನು ಕರೆದುಕೊಂಡು ಬಸ್ಸಿನಲ್ಲಿ ಹರಿಹರಕ್ಕೆ ಹೋಗಿಬನ್ನಿ. 1223ರ ಸುಮಾರಿಗೆ ಹೊಯ್ಸಳರ ಕಾಲದಲ್ಲಿ ಕಟ್ಟಿದ ಹರಿಹರೇಶ್ವರ ದೇವಾಲಯದಲ್ಲಿ ಒಂದೇ ಮೂರ್ತಿ ಅರ್ಧ ಶಿವ, ಅರ್ಧ ವಿಷ್ಣು ಏಕೆ ಎಂದು ಮಗಳು ಕೇಳಲಿ. ಅಲ್ಲಿನ ಶಾಸನದ ಕಲ್ಲುಗಳ ಮೇಲೆ ತನಗೆ ಗೊತ್ತಿರುವ ಅಕ್ಷರ ಒಂದಾದರೂ ಸಿಗುತ್ತದೆಯೇ ಎಂದು ಹುಡುಕಲಿ. ಆಮೇಲೆ ತುಂಗಭದ್ರೆಯ ಸೇತುವೆ ದಾಟಿ ಅಜ್ಜಿಯ ತವರಿನ ದಾರಿ ಹಿಡಿಯಿರಿ. ಅವರು ಹುಟ್ಟಿದ ಕಾಲಕ್ಕೆ ಈ ಹೊಳೆಯೇ ಎರಡು ರಾಜ್ಯಗಳ ಗಡಿ: ಈಚೆ ದಡ ಮೈಸೂರು, ಆಚೆ ದಡ ಮುಂಬಯಿ. ಬಸ್ಸಿನಲ್ಲಿ ಮೊಮ್ಮಗಳಿಗೆ ಕಿಟಕಿಯ ಪಕ್ಕದ ಸೀಟು ಕೊಡಿಸಿ, ಸೇತುವೆ ಬಂದಾಗ ಗಡಿಯ ಗೆರೆ ನೀರಿನಲ್ಲಿ ಎಲ್ಲಿ ಕಾಣುತ್ತದೆ ಎಂದು ಅಜ್ಜಿಯಿಂದಲೇ ಕೇಳಿಸಿ.